ಶ್ವಾಸಕೋಶದ ಅರ್ಬುದ ಮತ್ತು ದುಗ್ಧಗ್ರಂಥಿಗಳ ಎಣಿಕೆ

ಗಡಿರೇಖೆಗಳು ನಮ್ಮ ಸೀಮೆಗೆ ಹೊಸವಲ್ಲ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಬೇರ್ಪಟ್ಟಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೂ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದವು. 2022ರ ಏಪ್ರಿಲ್ ತಿಂಗಳಲ್ಲಿ ಮಡಕಶಿರಾ ಹೊಸದಾಗಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಆದರೆ ಕಾಯಿಲೆಯವರು ಈ ರೇಖೆಗಳನ್ನು ಎಣಿಸುತ್ತ ಕೂಡುವುದಿಲ್ಲ. ಕ್ಯಾನ್ಸರ್ ಎಂಬ ಅನುಮಾನ ಬಂದೊಡನೆ ನಮ್ಮವರು ಬೆಂಗಳೂರಿನ ಬಸ್ಸು ಹತ್ತಿ ಕಿದ್ವಾಯಿ ಆಸ್ಪತ್ರೆಯನ್ನು ಕೇಳಿಕೊಂಡು ಹೋಗುತ್ತಾರೆ. ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಆ ಸಂಸ್ಥೆ 1973ರಲ್ಲಿ ಆರಂಭವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮನ್ನಣೆಯನ್ನು ಪಡೆಯಿತು.

ಶ್ವಾಸಕೋಶದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರ ಕಡತದಲ್ಲಿ ಒಂದು ಹಾಳೆಯಿರುತ್ತದೆ. ಅದು ಪ್ರಯೋಗಾಲಯದ ವರದಿ. ಎಷ್ಟು ದುಗ್ಧಗ್ರಂಥಿಗಳನ್ನು ಪರೀಕ್ಷಿಸಲಾಯಿತು, ಅವುಗಳಲ್ಲಿ ಎಷ್ಟರಲ್ಲಿ ರೋಗ ಕಂಡಿತು ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ. ಮನೆಯವರು ಬಿಲ್ಲನ್ನು ಎರಡೆರಡು ಬಾರಿ ಓದುತ್ತಾರೆ, ಇದನ್ನು ಓದುವುದಿಲ್ಲ. ರೋಗಿಯ ಮುಂದಿನ ಆಯುಸ್ಸಿನ ಲೆಕ್ಕಾಚಾರ ಬಹುಮಟ್ಟಿಗೆ ಈ ಎರಡು ಅಂಕಿಗಳನ್ನು ಅವಲಂಬಿಸಿದೆಯಾದ್ದರಿಂದ ಅವುಗಳ ಚರಿತ್ರೆಯನ್ನು ಇಲ್ಲಿ ನಿರೂಪಿಸಲು ಬಯಸಿದ್ದೇವೆ.

ದುಗ್ಧಗ್ರಂಥಿ ನಮಗೆ ಅಪರಿಚಿತವಲ್ಲ. ಕಾಲಿನ ಗಾಯ ಕೀವುಗಟ್ಟಿದಾಗ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಬಲ್ಲರು. 1898ರಲ್ಲಿ ಬೆಂಗಳೂರಿಗೆ ಬಂದೆರಗಿದ ಪ್ಲೇಗಿನ ಕಾಲದಲ್ಲಿ ಕಂಕುಳಲ್ಲಿಯೂ ತೊಡೆಸಂದಿಯಲ್ಲಿಯೂ ಜನರು ತಡವಿ ನೋಡಿಕೊಂಡು ನಡುಗಿದ್ದು ಈ ಗ್ರಂಥಿಗಳನ್ನೇ. ದೇಹದಲ್ಲಿ ಹರಿಯುವ ತಿಳಿರಸವನ್ನು ಸೋಸುವ ಚೌಕಿಗಳು ಅವು. ಅರ್ಬುದದ ಕಣಗಳು ತಮ್ಮ ಮೂಲಸ್ಥಾನವನ್ನು ಬಿಟ್ಟು ಹೊರಟಾಗ ಸಾಮಾನ್ಯವಾಗಿ ಮೊದಲು ಸಿಕ್ಕಿಕೊಳ್ಳುವುದೂ ಅಲ್ಲಿಯೇ. ಶ್ವಾಸಕೋಶದ ಒಳಗೆ, ಅದರ ಬುಡದಲ್ಲಿ, ಎರಡು ಶ್ವಾಸಕೋಶಗಳ ನಡುವಣ ಎದೆಯ ಮಧ್ಯಭಾಗದಲ್ಲಿ ಇಂತಹ ಗ್ರಂಥಿಗಳು ಹರಡಿಕೊಂಡಿವೆ. ಕೆಲವು ಕಡಲೆ ಕಾಳಿಗಿಂತಲೂ ಚಿಕ್ಕವು.

1933ರ ಏಪ್ರಿಲ್ 5ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಎವರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರು ಜೇಮ್ಸ್ ಗಿಲ್ಮೋರ್ ಎಂಬ ರೋಗಿಯ ಎಡ ಶ್ವಾಸಕೋಶವನ್ನು ಪೂರ್ತಿಯಾಗಿ ತೆಗೆದರು. ಒಂದು ಭಾಗವನ್ನಷ್ಟೇ ತೆಗೆಯುವ ಉದ್ದೇಶದಿಂದ ಎದೆಯನ್ನು ತೆರೆದವರು, ರೋಗದ ವ್ಯಾಪ್ತಿಯನ್ನು ಕಂಡು ಆ ಕ್ಷಣದಲ್ಲಿಯೇ ನಿರ್ಧಾರ ಬದಲಿಸಿದರು. ಗಿಲ್ಮೋರ್ ಸ್ವತಃ ವೈದ್ಯರು. ಅವರು 1963ರವರೆಗೆ ಬದುಕಿದ್ದರು. ಗ್ರಹಾಂ ಧೂಮಪಾನಿಯಾಗಿದ್ದರು. ಧೂಮಪಾನಕ್ಕೂ ಶ್ವಾಸಕೋಶದ ಅರ್ಬುದಕ್ಕೂ ಇರುವ ನಂಟನ್ನು 1950ರಲ್ಲಿ ತಮ್ಮ ಶಿಷ್ಯ ವಿಂಡರ್ ಅವರೊಡನೆ ಪ್ರಕಟಿಸಿದ ಅವರೇ 1957ರಲ್ಲಿ ಅದೇ ರೋಗದಿಂದ ತೀರಿಕೊಂಡರು. ವಿಧಿಯ ಈ ವ್ಯಂಗ್ಯಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಬೀಡಿಯೂ ಇದಕ್ಕೆ ಹೊರತಲ್ಲವೆಂಬುದನ್ನು ನಮ್ಮ ಸೀಮೆಯವರಿಗಾಗಿ ಸೇರಿಸಬೇಕು.

ಶ್ವಾಸಕೋಶದೊಡನೆ ಸುತ್ತಣ ಗ್ರಂಥಿಗಳನ್ನೂ ಕ್ರಮಬದ್ಧವಾಗಿ ತೆಗೆಯುವ ಪದ್ಧತಿಯನ್ನು 1951ರಲ್ಲಿ ವಿಲಿಯಂ ಕಾಹನ್ ವಿವರಿಸಿದರು. ಅದೇ ಕಾಲದಲ್ಲಿ ಫ್ರಾನ್ಸಿನ ಪಿಯರ್ ಡೆನ್ವಾ ಎಂಬವರು ಅರ್ಬುದದ ಹಂತಗಳನ್ನು ಮೂರು ಅಕ್ಷರಗಳಲ್ಲಿ ಗುರುತಿಸುವ ಕ್ರಮವನ್ನು ರೂಪಿಸಿದರು. ಟಿ ಎಂದರೆ ಮೂಲಗಡ್ಡೆ, ಎನ್ ಎಂದರೆ ಗ್ರಂಥಿ, ಎಂ ಎಂದರೆ ದೂರಕ್ಕೆ ಹಬ್ಬಿದ ರೋಗ. 1978ರಲ್ಲಿ ಟೋಕಿಯೋದ ತ್ಸುಗುವೊ ನರುಕೆ ಎದೆಯೊಳಗಿನ ಗ್ರಂಥಿಗಳ ನೆಲೆಗಳಿಗೆ ಸಂಖ್ಯೆಗಳನ್ನು ಕೊಟ್ಟು ಒಂದು ನಕ್ಷೆಯನ್ನೇ ಬರೆದರು. ಗ್ರಾಮದ ಭೂಮಿಗೆ ಸರ್ವೆ ನಂಬರು ಬಂದಂತೆ ಆಯಿತು. ಯಾವ ನೆಲೆಯನ್ನು ನೋಡಿದಿರಿ, ಯಾವುದನ್ನು ನೋಡಲಿಲ್ಲ ಎಂದು ಕೇಳಲು ಸಾಧ್ಯವಾದದ್ದು ಅಲ್ಲಿಂದೀಚೆಗೆ.

ಎನ್ ಸೊನ್ನೆ ಎಂದರೆ ಗ್ರಂಥಿಗಳಲ್ಲಿ ರೋಗವಿಲ್ಲ. ಒಂದು ಎಂದರೆ ಶ್ವಾಸಕೋಶದ ಒಳಗಿನ ಮತ್ತು ಬುಡದ ಗ್ರಂಥಿಗಳಲ್ಲಿದೆ. ಎರಡು ಎಂದರೆ ಎದೆಯ ಮಧ್ಯಕ್ಕೆ ಬಂದಿದೆ. ಮೂರು ಎಂದರೆ ಎದುರು ಬದಿಗೆ ಅಥವಾ ಕೊರಳೆಲುಬಿನ ಮೇಲಕ್ಕೆ ದಾಟಿದೆ. ಅಂಕಿ ಏರಿದಂತೆ ಬದುಕುಳಿಯುವವರ ಪ್ರಮಾಣ ಇಳಿಯುತ್ತದೆ. ಶಾಲೆಯಲ್ಲಿ ಸೊನ್ನೆ ಕಂಡರೆ ಅಳುವ ನಮಗೆ ಇಲ್ಲಿ ಸೊನ್ನೆಯೇ ಶುಭ. ಆದರೆ ಎರಡು ಗ್ರಂಥಿಗಳನ್ನು ನೋಡಿ ಬರೆದ ಸೊನ್ನೆಯೂ ಹದಿನೈದನ್ನು ನೋಡಿ ಬರೆದ ಸೊನ್ನೆಯೂ ಸಮನಲ್ಲ. ಮೊದಲನೆಯದರಲ್ಲಿ ರೋಗ ಇಲ್ಲವೋ, ಹುಡುಕಲಿಲ್ಲವೋ ತಿಳಿಯದು. ಇದರ ಫಲ ಕಾಗದದಲ್ಲಿ ಮಾತ್ರ ಉಳಿಯುವಂಥದಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಸಿಸ್‌ಪ್ಲಾಟಿನ್ ಆಧಾರಿತ ಔಷಧಿಯನ್ನು ಕೊಟ್ಟರೆ ಐದು ವರ್ಷ ಬದುಕುವವರು 100ರಲ್ಲಿ ಸುಮಾರು 4 ಮಂದಿ ಹೆಚ್ಚುತ್ತಾರೆಂದು 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷೆಯೊಂದು ತೋರಿಸಿತು. ಗ್ರಂಥಿಯಲ್ಲಿದ್ದ ರೋಗ ಕಣ್ಣಿಗೆ ಬೀಳದಿದ್ದರೆ ಆ ಔಷಧಿ ರೋಗಿಗೆ ದೊರೆಯದೆ ಹೋಗಬಹುದು.

ಗ್ರಂಥಿ ತಪ್ಪಿಹೋಗುವುದು ಶಸ್ತ್ರಾಗಾರದಲ್ಲಿ ಮಾತ್ರವಲ್ಲ. ಅಮೆರಿಕದ ಮೆಂಫಿಸ್ ನಗರದ ವೈದ್ಯ ರೇಮಂಡ್ ಒಸಾರೊಗಿಯಾಗ್‌ಬಾನ್ ಮತ್ತು ಸಂಗಡಿಗರು, ಪ್ರಯೋಗಾಲಯವು ಪರೀಕ್ಷೆ ಮುಗಿಯಿತೆಂದು ಬದಿಗಿಟ್ಟ ಶ್ವಾಸಕೋಶಗಳನ್ನು ಪುನಃ ಕೊಯ್ದು ನೋಡಿದರು. ಅವುಗಳಲ್ಲಿ ಹೆಚ್ಚಿನವುಗಳೊಳಗೆ ಯಾರೂ ನೋಡದ ಗ್ರಂಥಿಗಳು ಉಳಿದಿದ್ದವು. ಕೆಲವದರಲ್ಲಿ ರೋಗವೂ ಇತ್ತು. ಇದನ್ನು 2012ರಲ್ಲಿ ಪ್ರಕಟಿಸಿದರು. ಅವರು ಬಳಕೆಗೆ ತಂದ ಪರಿಹಾರ ಸರಳವಾದುದು: ಪ್ರತಿಯೊಂದು ನೆಲೆಗೂ ಹೆಸರು ಬರೆದ ಪ್ರತ್ಯೇಕ ಡಬ್ಬಿಗಳ ಒಂದು ಪೆಟ್ಟಿಗೆ. ಡಬ್ಬಿ ಖಾಲಿಯಿದ್ದರೆ ಎಲ್ಲರಿಗೂ ಕಾಣುತ್ತದೆ. ನೂರು ಸುತ್ತೋಲೆಗಳಿಗಿಂತ ಇದು ಮೇಲೆಂಬುದು ನಮ್ಮ ಅಭಿಪ್ರಾಯ.

ಇನ್ನು ಅಂಕಿಗಳನ್ನು ನಂಬುವ ಬಗೆ. ಆಲ್ವನ್ ಫೈನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು 1977ರ ಶ್ವಾಸಕೋಶ ಅರ್ಬುದದ ರೋಗಿಗಳನ್ನು 1953ರಿಂದ 1964ರವರೆಗಿನ ರೋಗಿಗಳೊಡನೆ ಹೋಲಿಸಿ 1985ರಲ್ಲಿ ಒಂದು ಪ್ರಬಂಧ ಬರೆದರು. ಪ್ರತಿ ಹಂತದಲ್ಲಿಯೂ ಹೊಸಬರೇ ಹೆಚ್ಚು ಬದುಕಿದಂತೆ ಕಂಡಿತು. ಅದರಲ್ಲಿ ಬಹುಪಾಲು ಗಡಿ ಸರಿದದ್ದರ ಮಾಯೆ. ಮೇಷ್ಟರ ಲೆಕ್ಕದಲ್ಲಿ ಹೇಳುವುದಾದರೆ, ಎ ವಿಭಾಗದಲ್ಲಿ 90, 80, 55 ಅಂಕಗಳ ಮೂವರಿದ್ದಾರೆ, ಸರಾಸರಿ 75. ಬಿ ವಿಭಾಗದಲ್ಲಿ 45, 35 ಅಂಕಗಳ ಇಬ್ಬರು, ಸರಾಸರಿ 40. ಐವತ್ತೈದರ ಹುಡುಗನನ್ನು ಬಿ ವಿಭಾಗಕ್ಕೆ ಕಳುಹಿಸಿದರೆ ಎ ಸರಾಸರಿ 85, ಬಿ ಸರಾಸರಿ 45. ಯಾರೂ ಒಂದಂಕ ಹೆಚ್ಚು ಗಳಿಸಲಿಲ್ಲ! ಹೆಚ್ಚು ಗ್ರಂಥಿಗಳನ್ನು ನೋಡಿದಾಗಲೂ ಹೀಗೆಯೇ, ಅಡಗಿದ್ದ ರೋಗದವರು ಮುಂದಿನ ಹಂತಕ್ಕೆ ಸರಿಯುತ್ತಾರೆ, ಎರಡೂ ಹಂತಗಳ ಫಲಿತಾಂಶ ಸುಧಾರಿಸಿದಂತೆ ತೋರುತ್ತದೆ. ರಾಯದುರ್ಗ ಜಿಲ್ಲೆ ಬದಲಿಸಿದ ದಿನ ಇಲ್ಲಿನ ಮಳೆ ಒಂದು ಹನಿಯೂ ಹೆಚ್ಚಲಿಲ್ಲ. ಎರಡು ಜಿಲ್ಲೆಗಳ ಸರಾಸರಿಗಳು ಮಾತ್ರ ಬದಲಾಗಿರಬೇಕು.

ಹಾಗಾದರೆ ಗ್ರಂಥಿಗಳನ್ನೆಲ್ಲ ಕಿತ್ತರೆ ಆಯುಸ್ಸು ಹೆಚ್ಚುವುದೇ? ಸಾವಿರಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ ಉತ್ತರ ಅಮೆರಿಕದ ಒಂದು ಪರೀಕ್ಷೆಯ ಫಲಿತಾಂಶ 2011ರಲ್ಲಿ ಬಂತು. ಆರಂಭದ ಹಂತದ ರೋಗದಲ್ಲಿ, ನಿಗದಿತ ನೆಲೆಗಳ ಮಾದರಿಗಳನ್ನು ಕ್ರಮವಾಗಿ ಪರೀಕ್ಷಿಸಿ ರೋಗವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಉಳಿದುದನ್ನೆಲ್ಲ ತೆಗೆದವರಿಗೂ ಬಿಟ್ಟವರಿಗೂ ಬದುಕಿನ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೀಳುವುದಕ್ಕಿಂತ ನೋಡುವುದು ಮುಖ್ಯವೆಂದು ನಾವು ಇದನ್ನು ಅರ್ಥೈಸುತ್ತೇವೆ. ಅಮೆರಿಕದ ಕ್ಯಾನ್ಸರ್ ಆಯೋಗವು ಹಿಂದೆ ಕನಿಷ್ಠ 10 ಗ್ರಂಥಿಗಳೆಂದು ಹೇಳುತ್ತಿದ್ದುದನ್ನು ಬಿಟ್ಟು, 2020ರ ಮಾನದಂಡದಲ್ಲಿ ಎದೆಯ ಮಧ್ಯದ ಕನಿಷ್ಠ ಮೂರು ನೆಲೆಗಳು, ಶ್ವಾಸಕೋಶದ ಬುಡದ ಕನಿಷ್ಠ ಒಂದು ನೆಲೆ ಎಂದು ಬದಲಿಸಿತು.

ನಮ್ಮ ಕಡೆಯ ಕಷ್ಟ ಇದಕ್ಕೂ ಮೊದಲೇ ಆರಂಭವಾಗುತ್ತದೆ. ಕೆಮ್ಮನ್ನು ಕ್ಷಯವೆಂದು ಭಾವಿಸಿ ಔಷಧಿ ನುಂಗುತ್ತ ತಿಂಗಳುಗಳು ಕಳೆಯುತ್ತವೆ. ಬಹುತೇಕರು ಶಸ್ತ್ರಚಿಕಿತ್ಸೆಯ ಹಂತ ಮೀರಿದ ಮೇಲೆ ದೊಡ್ಡಾಸ್ಪತ್ರೆಯನ್ನು ಮುಟ್ಟುತ್ತಾರೆ. 2007ರಲ್ಲಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಗೆ ಬಂದ ಮೂರು ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಹಣದ ಭಾರ ಅಷ್ಟರಮಟ್ಟಿಗೆ ಇಳಿಯಿತು. ಭಾಷೆಯ ಭಾರ ಇಳಿದಿಲ್ಲ. ಯೋಜನೆಯ ಕಾಗದ ತೆಲುಗಿನಲ್ಲಿ, ವರದಿ ಇಂಗ್ಲಿಷಿನಲ್ಲಿ, ಮನೆಯ ಅಳಲು ಕನ್ನಡದಲ್ಲಿ. ವರದಿಯಲ್ಲಿ ‘ಲಿಂಫ್ ನೋಡ್’ ಎಂಬ ಮಾತನ್ನು ಹುಡುಕಿ, ಅದರ ಮುಂದಿನ ಎರಡು ಅಂಕಿಗಳನ್ನು ತೋರಿಸಿ, ಯಾವ ಯಾವ ನೆಲೆಗಳನ್ನು ನೋಡಿದ್ದೀರಿ ಎಂದು ವೈದ್ಯರನ್ನು ಕನ್ನಡದಲ್ಲಿಯೇ ಕೇಳಬಹುದು. ಪರೀಕ್ಷಿಸಿದ ತುಣುಕುಗಳನ್ನು ಮೇಣದ ಅಚ್ಚುಗಳಲ್ಲಿ ಹುದುಗಿಸಿ ಪ್ರಯೋಗಾಲಯದವರು ವರ್ಷಗಟ್ಟಲೆ ಕಾದಿಡುತ್ತಾರೆ. ಸಂದೇಹವಿದ್ದಾಗ ಆ ಅಚ್ಚುಗಳನ್ನು ಪಡೆದು ಇನ್ನೊಂದು ಆಸ್ಪತ್ರೆಯಲ್ಲಿ ಮರಳಿ ಪರೀಕ್ಷಿಸಲು ಬರುತ್ತದೆ.