ಹಂಡೆಯ ನೀರಿನಿಂದ ಶಾಂಪೂ ಪೊಟ್ಟಣದವರೆಗೆ

ಶಾಂಪೂ ಎಂಬುದು ಇಂಗ್ಲಿಷ್ ಮಾತು ಎಂದು ತಿಳಿದವರೇ ಹೆಚ್ಚು. ವಾಸ್ತವವಾಗಿ ಅದು ಹಿಂದಿಯ ‘ಚಾಂಪ್‌ನಾ’ ಎಂಬ ಕ್ರಿಯಾಪದದಿಂದ ಹೊರಟದ್ದು. ಒತ್ತು, ತಿಕ್ಕು, ಮರ್ದಿಸು ಎಂಬುದು ಅದರ ಅರ್ಥ. ಹದಿನೆಂಟನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೌಕರರು ಈ ಮಾತನ್ನು ಹೊತ್ತುಕೊಂಡು ಹೋದಾಗ ಅದಕ್ಕೂ ಕೂದಲಿಗೂ ವಿಶೇಷ ಸಂಬಂಧವೇನೂ ಇರಲಿಲ್ಲ. ಮೈಕೈ ಒತ್ತಿಸಿಕೊಳ್ಳುವುದಕ್ಕೆ ಅವರು ಹೇಳುತ್ತಿದ್ದ ಮಾತು ಅದು.

ಆ ಮಾತನ್ನು ಇಂಗ್ಲೆಂಡಿನ ಶ್ರೀಮಂತರ ಬಾಯಲ್ಲಿ ನೆಲೆಗೊಳಿಸಿದವನು ಒಬ್ಬ ಬಿಹಾರಿ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮದ್ ಹುಡುಗನಾಗಿದ್ದಾಗಲೇ ಕಂಪೆನಿಯ ಬಂಗಾಳ ಸೈನ್ಯ ಸೇರಿದ. ತನ್ನನ್ನು ಬೆಳೆಸಿದ ಅಧಿಕಾರಿಯ ಹಿಂದೆಯೇ 1784ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣಕ್ಕೆ ಹೋಗಿ ಅಲ್ಲಿಯ ಹೆಣ್ಣೊಬ್ಬಳನ್ನು ಮದುವೆಯಾದ. 1794ರಲ್ಲಿ ಅವನು ಪ್ರಕಟಿಸಿದ ಪ್ರವಾಸ ಕಥನವೇ ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದ ಮೊದಲ ಪುಸ್ತಕ ಎನ್ನುತ್ತಾರೆ. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲು ತೆರೆದು ಎರಡೇ ವರ್ಷಗಳಲ್ಲಿ ದಿವಾಳಿಯೆದ್ದ. ಕೊನೆಗೆ ಅವನ ಕೈಹಿಡಿದದ್ದು ಬ್ರೈಟನ್ ಎಂಬ ಕಡಲತೀರದ ಪಟ್ಟಣದ ಸ್ನಾನಗೃಹ. ಗಿರಾಕಿಯನ್ನು ಮೊದಲು ಮೂಲಿಕೆಗಳ ಹಬೆಯಲ್ಲಿ ಬೆವರಿಸಿ, ಉಣ್ಣೆಯ ಬಟ್ಟೆಯ ಗೂಡಾರದೊಳಗೆ ಕೂರಿಸಿ, ಹೊರಗಿನಿಂದ ಕೈತೂರಿಸಿ ಮೈ ತಿಕ್ಕುವುದು ಅಲ್ಲಿಯ ಪದ್ಧತಿ. ಇದಕ್ಕೆ ಅವನಿಟ್ಟ ಹೆಸರು ‘ಶಾಂಪೂಯಿಂಗ್’. 1822ರಲ್ಲಿ ಅದೇ ಹೆಸರಿನ ಪುಸ್ತಕವನ್ನೂ ಬರೆದ. ನಾಲ್ಕನೆಯ ಜಾರ್ಜ್, ಅವನ ಬಳಿಕ ನಾಲ್ಕನೆಯ ವಿಲಿಯಂ, ಇಬ್ಬರು ದೊರೆಗಳಿಗೂ ಅವನು ‘ಶಾಂಪೂ ವೈದ್ಯ’ನಾದ. 1851ರಲ್ಲಿ ಅವನು ತೀರಿಕೊಂಡ ಮೇಲೆ, ಅದೇ ಶತಮಾನದ ಉತ್ತರಾರ್ಧದಲ್ಲಿ, ಮಾತಿನ ಅರ್ಥ ಮೈಯಿಂದ ಮೇಲಕ್ಕೆ ಸರಿದು ತಲೆಗೆ ಬಂದು ನಿಂತಿತು.

ಆದರೆ ಆ ತಲೆಯನ್ನು ತೊಳೆಯಲು ಯುರೋಪಿನಲ್ಲಿದ್ದದ್ದು ಸಾಬೂನು ಮಾತ್ರ. ಸಾಬೂನು ಕ್ಷಾರಗುಣದ್ದು. ಗಡಸು ನೀರಿನ ಸುಣ್ಣದ ಅಂಶದೊಡನೆ ಸೇರಿದರೆ ಅದು ನೊರೆಯಾಗುವ ಬದಲು ಬೂದುಬಣ್ಣದ ಜಿಡ್ಡಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದಲೇ ಏನೋ, ಪಾಶ್ಚಾತ್ಯರಿಗೆ ತಲೆ ತೊಳೆಯುವುದೆಂದರೆ ದೊಡ್ಡ ರಗಳೆಯ ಕೆಲಸವಾಗಿತ್ತು. 1908ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ತನ್ನ ಓದುಗರಿಗೆ ಕೊಟ್ಟ ಸಲಹೆಯೆಂದರೆ, ಕೂದಲು ಚೆನ್ನಾಗಿದ್ದರೆ ತಿಂಗಳಿಗೊಮ್ಮೆಯೋ ಆರು ವಾರಕ್ಕೊಮ್ಮೆಯೋ ತೊಳೆದರೆ ಸಾಕು ಎಂಬುದು. ಬರ್ಲಿನ್ನಿನ ಹಾನ್ಸ್ ಶ್ವಾರ್ಟ್ಸ್‌ಕಾಫ್ ಎಂಬ ಔಷಧಿ ವ್ಯಾಪಾರಿ 1903ರಲ್ಲಿ ನೀರಿನಲ್ಲಿ ಕರಗುವ ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ 20 ಫೆನ್ನಿಗೆ ಮಾರಿದ. 1927ರಲ್ಲಿ ಅವನ ಕಂಪೆನಿ ದ್ರವರೂಪದ ಶಾಂಪೂ ತಂದಿತು. ಸಾಬೂನಿನ ಸಹವಾಸ ಬಿಟ್ಟ ಕೃತಕ ಮಾರ್ಜಕದ ಶಾಂಪೂ ಬಂದದ್ದು ಅಮೆರಿಕದಲ್ಲಿ, 1934ರ ‘ಡ್ರೀನ್’ ಮೂಲಕ. ಗಡಸು ನೀರಿನಲ್ಲೂ ಅದು ಜಿಡ್ಡು ಕಟ್ಟಲಿಲ್ಲ. ಇಂದಿನ ಶಾಂಪೂಗಳೆಲ್ಲ ಹೆಚ್ಚುಕಡಿಮೆ ಅದರದೇ ಸಂತಾನ.

ಸಾಬೂನಿನ ಈ ತಾಪತ್ರಯ ನಮ್ಮಲ್ಲಿ ಇರಲೇ ಇಲ್ಲ. ಕನ್ನಡದಲ್ಲಿ ಹಳಬರು ತಲೆ ‘ತೊಳೆಯುವುದು’ ಎನ್ನುತ್ತಿರಲಿಲ್ಲ, ‘ಎರೆಯುವುದು’ ಎನ್ನುತ್ತಿದ್ದರು. ಅದು ಒಬ್ಬರೇ ಮಾಡಿಕೊಳ್ಳುವ ಕೆಲಸವಲ್ಲ ಎಂಬುದು ಆ ಮಾತಿನಲ್ಲೇ ಇದೆ. ಕೂರುವವರೊಬ್ಬರು, ಎರೆಯುವವರೊಬ್ಬರು. ಹಿಂದಿನ ರಾತ್ರಿಯೋ ಬೆಳಗಿನ ಜಾವವೋ ಎಣ್ಣೆ ತಟ್ಟಿ, ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಪುಡಿ ಕಲಸಿ, ತಿಕ್ಕಿ, ಎರೆದು, ಕೊನೆಗೆ ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಆರಿಸುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತಿತ್ತು. ಹೆಂಗಸರಿಗೆ ಮಂಗಳವಾರ, ಶುಕ್ರವಾರ, ಗಂಡಸರಿಗೆ ಶನಿವಾರ ಎಂಬ ಲೆಕ್ಕ ಹಲವು ಮನೆಗಳಲ್ಲಿತ್ತು. ನರಕ ಚತುರ್ದಶಿಯ ಹಿಂದಿನ ಸಂಜೆಯ ‘ನೀರು ತುಂಬುವ ಹಬ್ಬ’ದಲ್ಲಂತೂ ಹಂಡೆಗೇ ಪೂಜೆ.

ಸೀಗೆಯೊಂದೇ ಇತ್ತೆಂದಲ್ಲ. ಅಂಟುವಾಳ ಅಥವಾ ನೊರೆಕಾಯಿ ಬಹುತೇಕ ಎಲ್ಲ ಕಡೆ ಇತ್ತು. ಮಲೆನಾಡು, ಕರಾವಳಿಗಳಲ್ಲಿ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿದರೆ ಬರುವ ಲೋಳೆ, ಅಂದರೆ ಗೊಂಪು, ಇಂದಿಗೂ ಬಳಕೆಯಲ್ಲಿದೆ. ಬಯಲುಸೀಮೆಯಲ್ಲಿ ಚುಜ್ಜಲು ಸೊಪ್ಪನ್ನು ಒಣಗಿಸಿ ಮಾಡಿದ ಪುಡಿ ಇತ್ತು, ಅದನ್ನೇ ಚಿಗರೆಪುಡಿ ಎನ್ನುವವರೂ ಉಂಟು. ಮೆಂತ್ಯ, ಹೆಸರುಹಿಟ್ಟು, ನೆಲ್ಲಿಚೆಟ್ಟು ಇವೆಲ್ಲ ಜೊತೆಗಾರರು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ರಾಜನ ಭೋಗಗಳನ್ನು ಒಂದೊಂದಾಗಿ ಹೇಳುತ್ತದೆ. ಸ್ನಾನಭೋಗವೂ ಅದರಲ್ಲೊಂದು. ತಲೆಗೆ ಎಣ್ಣೆ, ಕಾದ ನೀರು, ತಿಕ್ಕಲು ಆಳು, ಇವೆಲ್ಲ ಭೋಗದ ಪಟ್ಟಿಯಲ್ಲಿ ಸೇರಿದ್ದು ಸುಮ್ಮನಲ್ಲ. ಹಂಡೆ ಕಾಯಿಸುವಷ್ಟು ಸೌದೆ, ಹರಳೆಣ್ಣೆ, ಕೊಬ್ಬರಿ ಎಣ್ಣೆ, ಅರ್ಧ ದಿನದ ಬಿಡುವು ಎಲ್ಲರಿಗೂ ಎಲ್ಲಿಂದ ಬರಬೇಕು? ಕೂಲಿಯ ಮನೆಗಳಲ್ಲಿ ಎಣ್ಣೆನೀರು ಹಬ್ಬದ ದಿನದ್ದು. ಉಳ್ಳವರ ಮನೆಯೊಳಗೂ ಎಲ್ಲರ ಪಾಲಿಗೆ ಒಂದೇ ನ್ಯಾಯವಿರಲಿಲ್ಲ. ಬಾಣಂತಿಗೆ ಹಂಡೆಗಟ್ಟಲೆ ನೀರು ಎರೆಯುತ್ತಿದ್ದ ಬ್ರಾಹ್ಮಣ ಮನೆಯಲ್ಲೇ ತಲೆ ಬೋಳಿಸಿಕೊಂಡ ವಿಧವೆಗೆ ತಣ್ಣೀರಿನ ಮಡಿಸ್ನಾನ. ಅಜ್ಜಿಯ ಕಾಲದ ಆರೈಕೆಯನ್ನು ಹೊಗಳುವ ಇಂದಿನ ಜಾಹೀರಾತುಗಳಲ್ಲಿ ಆ ಅಜ್ಜಿ ಕಾಣುವುದಿಲ್ಲ.

ಸೀಗೆ ಕೊಳೆ ತೆಗೆಯುವ ಗುಟ್ಟು ‘ಸಪೋನಿನ್’ ಎಂಬ ವಸ್ತುವಿನಲ್ಲಿದೆ. ಇದರ ಅಣುವಿನ ಒಂದು ಭಾಗ ಎಣ್ಣೆಗೆ ಅಂಟಿದರೆ ಇನ್ನೊಂದು ಭಾಗ ನೀರನ್ನು ಹಿಡಿಯುತ್ತದೆ. ನಡುವೆ ಸಿಕ್ಕಿಬಿದ್ದ ಜಿಡ್ಡು ನೀರಿನೊಡನೆ ಹರಿದುಹೋಗುತ್ತದೆ. ಶಾಂಪೂವಿನ ಮಾರ್ಜಕವೂ ಮಾಡುವುದು ಇದೇ ಕೆಲಸವನ್ನು, ಆದರೆ ಹೆಚ್ಚು ಬಿರುಸಾಗಿ. ಸೀಗೆಯ ನೀರು ಸಾಬೂನಿನ ಹಾಗೆ ಕ್ಷಾರವಲ್ಲ, ತುಸು ಆಮ್ಲೀಯ. ಕೂದಲಿನ ಮೇಲ್ಮೈ ಹಂಚಿನ ಮಾಡಿನಂತೆ ಒಂದರ ಮೇಲೊಂದು ಒರಗಿದ ಸಣ್ಣ ಹಲ್ಲೆಗಳಿಂದ ಆಗಿದೆ. ಕ್ಷಾರ ತಗುಲಿದರೆ ಕೂದಲು ಉಬ್ಬಿ ಈ ಹಲ್ಲೆಗಳು ಏಳುತ್ತವೆ. ಆಗ ಕೂದಲು ಒರಟಾಗಿ ಒಂದಕ್ಕೊಂದು ಸಿಕ್ಕುಬೀಳುತ್ತದೆ. ಆಮ್ಲೀಯ ನೀರಿನಲ್ಲಿ ಅವು ಮಲಗಿಯೇ ಇರುತ್ತವೆ. ಹಾಗೆಂದು ಸೀಗೆ ನಿರಪಾಯವೆಂದೇನಲ್ಲ. ಕಣ್ಣಿಗೆ ಬಿದ್ದರೆ ಅದು ಕೊಡುವ ಉರಿಯನ್ನು ನೆನೆದೇ ಬಚ್ಚಲಿನಿಂದ ಓಡಿಹೋದ ಮಕ್ಕಳ ಲೆಕ್ಕ ಇಟ್ಟವರಾರು!

ಭಾರತದ ಪೇಟೆಗೆ ‘ಸನ್‌ಸಿಲ್ಕ್’ 1964ರಲ್ಲಿ ಬಂದರೂ ಬಹಳ ಕಾಲ ಶಾಂಪೂ ಎಂದರೆ ಪಟ್ಟಣದ ಸಿರಿವಂತರ ಬಾಟಲಿಯೇ ಆಗಿತ್ತು. ಆ ಗೋಡೆಯನ್ನು ಒಡೆದದ್ದು ಯಾವ ವಿದೇಶಿ ಕಂಪೆನಿಯೂ ಅಲ್ಲ, ತಮಿಳುನಾಡಿನ ಕಡಲೂರಿನ ಒಂದು ಕುಟುಂಬ. ದೊಡ್ಡ ಬಾಟಲಿ ಕೊಳ್ಳಲಾರದವನಿಗೆ ಒಂದು ಸ್ನಾನಕ್ಕಾಗುವಷ್ಟನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೊಡಬಹುದು ಎಂಬ ಯೋಚನೆ ಚಿನ್ನಿಕೃಷ್ಣನ್ ಅವರದು. ಅವರ ಮಕ್ಕಳು ‘ವೆಲ್ವೆಟ್’ ಶಾಂಪೂವನ್ನು ಹೀಗೆಯೇ ಮಾರಿದರು. ಒಬ್ಬ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಮನೆಯಿಂದ ಬೇರೆಯಾಗಿ, 15 ಸಾವಿರ ರೂಪಾಯಿ ಬಂಡವಾಳದಲ್ಲಿ ‘ಚಿಕ್’ ಶಾಂಪೂ ಆರಂಭಿಸಿದರು. ಹಳ್ಳಿಹಳ್ಳಿಗೆ ಹೋಗಿ, ಹುಡುಗನೊಬ್ಬನನ್ನು ಕೂರಿಸಿ ತಲೆ ತೊಳೆದು ತೋರಿಸುವುದೂ ಅವರ ಪ್ರಚಾರದ ಭಾಗವಾಗಿತ್ತು. ಮುಂದೆ ದೊಡ್ಡ ಕಂಪೆನಿಗಳೂ ಈ ದಾರಿಗೇ ಬರಬೇಕಾಯಿತು. ಕಿರಾಣಿ ಅಂಗಡಿಗಳ ಬಾಗಿಲಲ್ಲಿ ಬಣ್ಣಬಣ್ಣದ ಪೊಟ್ಟಣಗಳ ಸರ ತೂಗಾಡತೊಡಗಿತು. ಆ ಪೊಟ್ಟಣಗಳು ಊರ ಚರಂಡಿಗಳಲ್ಲಿ ಇಂದಿಗೂ ಕರಗದೆ ಉಳಿದಿವೆ ಎಂಬುದು ಇನ್ನೊಂದು ಕಥೆ. ಆದರೆ ಸೌದೆ, ಹಂಡೆ, ಎರೆಯುವ ಕೈ ಯಾವುದೂ ಇಲ್ಲದ ಹುಡುಗಿ ತಾನೊಬ್ಬಳೇ ಹತ್ತು ನಿಮಿಷದಲ್ಲಿ ತಲೆ ತೊಳೆದು ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸು ಹಿಡಿಯುವಂತಾದದ್ದು ಆ ಪೊಟ್ಟಣದಿಂದಲೇ.

ಸೀಗೆ ಕೊಯ್ಯುವವರ ಕಥೆಯನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಸೀಗೆ ಮುಳ್ಳಿನ ಬಳ್ಳಿ. ಕಾಡಿನಲ್ಲಿ ಮರಕ್ಕೆ ಹಬ್ಬಿ ಬೆಳೆಯುತ್ತದೆ, ಕೊಯ್ಯುವವರ ಕೈಮೈ ತರಚದೆ ಕಾಯಿ ಸಿಗುವುದಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಜೇನು, ನೆಲ್ಲಿ, ಪಾಚಿಯ ಜೊತೆಗೆ ಸೀಗೆ, ಅಂಟುವಾಳಗಳೂ ಆದಾಯದ ಮೂಲವಾಗಿದ್ದವು. ಅವರು ತಂದದ್ದನ್ನು ಗಿರಿಜನರ ಸಹಕಾರ ಸಂಘಗಳು ಕೊಳ್ಳುತ್ತಿದ್ದವು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ ನಂತರದ ವರ್ಷಗಳಲ್ಲಿ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಕಾಡುತ್ಪನ್ನ ಸಂಗ್ರಹಿಸುವುದು ನಿಷೇಧಕ್ಕೆ ಒಳಗಾಗಿ ಈ ಆದಾಯ ನಿಂತುಹೋಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಹೋರಾಡಿ 2011ರಲ್ಲಿ ಸೋಲಿಗರು ಸಮುದಾಯದ ಹಕ್ಕುಪತ್ರ ಪಡೆದರು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಶಾಂಪೂ ಬಾಟಲಿಯ ಮೇಲೆ ಸೀಗೆಯ ಚಿತ್ರ ಅಚ್ಚುಹಾಕುವುದು ಸುಲಭ, ಕಾಯಿ ತರುವುದು ಅಷ್ಟು ಸುಲಭವಲ್ಲ.

ಸೀಗೆಯೋ ಶಾಂಪೂವೋ, ತಲೆ ತೊಳೆಯುವ ರೀತಿಯಲ್ಲಿ ಕೆಲವು ತಪ್ಪುಗಳು ಎರಡು ಕಾಲಕ್ಕೂ ಸಮಾನ. ಮೊದಲನೆಯದು ನೀರಿನ ಬಿಸಿ. ಸ್ನಾನದ ಬಿಸಿನೀರು ಕತ್ತಿನಿಂದ ಕೆಳಗಿನ ಮೈಗೆ ಬಲ ಕೊಡುತ್ತದೆ, ತಲೆಗೆ ಹಾಕಿದರೆ ಕೂದಲಿಗೂ ಕಣ್ಣಿಗೂ ಕೇಡು ಎಂದು ವಾಗ್ಭಟನ ‘ಅಷ್ಟಾಂಗ ಹೃದಯ’ ಹೇಳಿ ಸಾವಿರ ವರ್ಷಗಳ ಮೇಲಾಯಿತು. ಹಂಡೆಯ ಕಾಲದಲ್ಲಿ ಅದನ್ನು ಕೇಳಿದವರು ಕಡಿಮೆ, ಗೀಸರಿನ ಕಾಲದಲ್ಲಿ ಇನ್ನೂ ಕಡಿಮೆ. ಕಣ್ಣಿನ ಮಾತು ಹೇಗೇ ಇರಲಿ, ತೀರಾ ಬಿಸಿನೀರು ನೆತ್ತಿಯನ್ನು ಒಣಗಿಸುತ್ತದೆ ಎಂಬುದನ್ನು ಇಂದಿನ ಚರ್ಮವೈದ್ಯರೂ ಒಪ್ಪುತ್ತಾರೆ. ಎರಡನೆಯದು ತಿಕ್ಕುವ ಜಾಗ. ಜಿಡ್ಡು ಹುಟ್ಟುವುದು ನೆತ್ತಿಯ ಚರ್ಮದಲ್ಲಿ, ಜಡೆಯ ತುದಿಯಲ್ಲಲ್ಲ. ಬೆರಳ ತುದಿಯಿಂದ ನೆತ್ತಿಯನ್ನು ತಿಕ್ಕಿದರೆ ಸಾಕು, ಹರಿದುಹೋಗುವ ನೊರೆಯೇ ಉಳಿದ ಉದ್ದವನ್ನು ತೊಳೆಯುತ್ತದೆ. ಕಂಡೀಷನರ್ ಹಚ್ಚುವುದಾದರೆ ಅದರ ಜಾಗ ತುದಿ, ನೆತ್ತಿಯಲ್ಲ. ಒದ್ದೆ ಕೂದಲು ಎಳೆದರೆ ಸುಲಭವಾಗಿ ಹರಿಯುವುದರಿಂದ ಟವೆಲಿನಲ್ಲಿ ಬಡಿಯುವುದು, ಸಣ್ಣ ಹಲ್ಲಿನ ಬಾಚಣಿಗೆ ಹಾಕುವುದು ಎರಡೂ ಸಲ್ಲ.

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಉತ್ತರವಿಲ್ಲ. ಬೆವರು, ಧೂಳಿನಲ್ಲಿ ದುಡಿಯುವವರಿಗೆ ದಿನ ಬಿಟ್ಟು ದಿನ ಬೇಕಾದೀತು. ಒಣ, ಗುಂಗುರು ಕೂದಲಿನವರಿಗೆ ವಾರಕ್ಕೊಮ್ಮೆ ಸಾಕಾದೀತು. ಎಣ್ಣೆಯ ವಿಚಾರದಲ್ಲಿ ಹಳೆಯ ರೂಢಿಗೆ ಅರ್ಧ ಬೆಂಬಲವಿದೆ. ತೊಳೆಯುವ ಮುಂಚೆ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನೊಳಕ್ಕೆ ಇಳಿದು ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸುತ್ತದೆ, ಖನಿಜ ತೈಲ ಮತ್ತು ಸೂರ್ಯಕಾಂತಿ ಎಣ್ಣೆಗೆ ಆ ಗುಣವಿಲ್ಲ ಎಂದು 2003ರಲ್ಲಿ ಪ್ರಕಟವಾದ ಮುಂಬಯಿಯ ಅಧ್ಯಯನವೊಂದು ತೋರಿಸಿತು. ಅದನ್ನು ನಡೆಸಿದವರು ಕೊಬ್ಬರಿ ಎಣ್ಣೆ ಮಾರುವ ಕಂಪೆನಿಯವರು ಎಂಬುದನ್ನೂ ಮರೆಯಬೇಕಿಲ್ಲ. ಆದರೆ ಹೊಟ್ಟಿಗೆ ಎಣ್ಣೆಯೇ ಮದ್ದು ಎಂಬ ನಂಬಿಕೆ ಪೂರಾ ತಪ್ಪು. ಹೊಟ್ಟಿನೊಡನೆ ನಂಟಿರುವ ‘ಮಲಸೇಜಿಯ’ ಎಂಬ ಶಿಲೀಂಧ್ರಕ್ಕೆ ನೆತ್ತಿಯ ಜಿಡ್ಡೇ ಆಹಾರ. ಹೊಟ್ಟಿದ್ದವರು ಎಣ್ಣೆ ಸುರಿದುಕೊಂಡು ಎರಡು ದಿನ ಬಿಡುವುದೆಂದರೆ ಅದಕ್ಕೆ ಔತಣ ಹಾಕಿದಂತೆ.

ಊರು ಬಿಟ್ಟು ಬೆಂಗಳೂರಿಗೆ ಬಂದವರು ಬೋರ್‌ವೆಲ್ ನೀರಿನಿಂದ ಕೂದಲೆಲ್ಲ ಉದುರಿತು ಎನ್ನುವುದುಂಟು. ಗಡಸು ನೀರು ಕೂದಲನ್ನು ಒರಟು ಮಾಡುವುದು, ಸಾಬೂನಿನೊಡನೆ ಸೇರಿ ಮಂಕು ಕವಿಸುವುದು ನಿಜ. ಬೇರಿನಿಂದಲೇ ಉದುರಿಸುವ ಶಕ್ತಿ ಅದಕ್ಕಿದೆ ಎನ್ನಲು ಆಧಾರ ಸಾಲದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ತಲೆ ತೊಳೆಯದೆ ಬಿಟ್ಟ ದಿನಗಳ ಬಾಕಿಯೆಲ್ಲ ತೊಳೆದ ದಿನ ಬಚ್ಚಲಲ್ಲಿ ಕಾಣುತ್ತದೆ. ಬಿದ್ದ ಕೂದಲೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟಿದ್ದರೆ ಅದು ಬೇರಿನಿಂದ ಬಂದದ್ದು. ಅಂಥವು ಹಿಡಿಹಿಡಿಯಾಗಿ ಬರುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್, ಕೆಲವು ತಿಂಗಳ ಹಿಂದೆ ಬಂದುಹೋದ ಜ್ವರ ಅಥವಾ ಹೆರಿಗೆ ಕಾರಣವಿದ್ದೀತು, ವೈದ್ಯರಿಗೆ ತೋರಿಸಬೇಕು. ಗಂಟಿಲ್ಲದ ತುಂಡು ನಡುವೆ ಹರಿದದ್ದು. ನೀರು, ಶಾಂಪೂ, ಬಾಚಣಿಗೆಗಳನ್ನು ಬದಲಾಯಿಸಿ ನೋಡಬೇಕಾದದ್ದು ಅದಕ್ಕೆ.