ಜಾರ್ಜ್ ಸ್ಟಬ್ಸ್ ಮತ್ತು ಸಾಕುಪ್ರಾಣಿಗಳ ಭಾವಚಿತ್ರ



ತಾನು ಸಾಕಿದ ಪ್ರಾಣಿಯ ನೆನಪನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಮನುಷ್ಯನಿಗೆ ಬಹು ಹಿಂದಿನದು. ಹತ್ತನೆಯ ಶತಮಾನದ ನಮ್ಮ ಆತಕೂರಿನ ಶಿಲಾಶಾಸನವು ಹಂದಿಯೊಡನೆ ಕಾದಾಡಿ ಮಡಿದ ಕಾಳಿಯೆಂಬ ಬೇಟೆನಾಯಿಯನ್ನು ನೆನೆಯುತ್ತದೆ. ಕಲ್ಲಿನ ಮೇಲೆ ಆ ಕಾಳಗದ ಚಿತ್ರವೂ ಇದೆ. ಅಲ್ಲಿ ಶಿಲ್ಪಿಯ ಲಕ್ಷ್ಯವಿರುವುದು ನಾಯಿಯ ಶೌರ್ಯದ ಮೇಲೆ. ಒಡೆಯನು ನೋಡಿದೊಡನೆ ‘ಇದು ನನ್ನದೇ’ ಎನ್ನುವಂತೆ ಚಿತ್ರಿಸುವುದು ಬೇರೊಂದು ಬಗೆಯ ಸಾಧನೆ. ಅದಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ಇಂಗ್ಲೆಂಡಿನ ಜಾರ್ಜ್ ಸ್ಟಬ್ಸನ ಬಾಳು ತೋರಿಸಿಕೊಡುತ್ತದೆ.

1724ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತ ತೊಗಲು ಹದಮಾಡುವವನ ಮಗ. ಚಿತ್ರಕಲೆಯನ್ನು ಬಹುಮಟ್ಟಿಗೆ ಸ್ವಂತವಾಗಿಯೇ ಕಲಿತವನು. ಯಾರ್ಕ್ ನಗರದಲ್ಲಿ ಮಾನವಶರೀರದ ರಚನೆಯನ್ನು ಅಭ್ಯಸಿಸಿ, 1751ರಲ್ಲಿ ಪ್ರಕಟವಾದ ಪ್ರಸೂತಿಶಾಸ್ತ್ರದ ಗ್ರಂಥವೊಂದಕ್ಕೆ ಚಿತ್ರಫಲಕಗಳನ್ನು ತಾನೇ ಕೊರೆದುಕೊಟ್ಟನು.

1756ರಲ್ಲಿ ಆತನು ಲಿಂಕನ್‌ಷೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಒಂಟಿ ಮನೆಯೊಂದನ್ನು ಬಾಡಿಗೆಗೆ ಹಿಡಿದನು. ಮೇರಿ ಸ್ಪೆನ್ಸರ್ ಎಂಬಾಕೆ ಆತನ ಸಹಾಯಕಿ. ಸತ್ತ ಕುದುರೆಗಳನ್ನು ಕಬ್ಬಿಣದ ಕೊಂಡಿಗಳಿಂದ ನಿಂತ ಭಂಗಿಯಲ್ಲೇ ತೂಗುಹಾಕಿ, ರಕ್ತನಾಳಗಳಿಗೆ ಕರಗಿಸಿದ ಕೊಬ್ಬನ್ನು ತುಂಬಿ, ಮೊದಲು ಚರ್ಮ, ಬಳಿಕ ಸ್ನಾಯುಗಳ ಒಂದೊಂದು ಪದರ, ಕಡೆಗೆ ಎಲುಬು, ಹೀಗೆ ಬಿಡಿಸುತ್ತ ಪ್ರತಿ ಹಂತವನ್ನೂ ಚಿತ್ರಿಸಿದನು. ಒಂದು ಶವದ ಕೆಲಸವಂತೂ ಹನ್ನೊಂದು ವಾರ ಸಾಗಿತೆಂದು ದಾಖಲೆಯಿದೆ. ಕೊಳೆಯುವ ಮಾಂಸದ ದುರ್ನಾತದ ನಡುವೆ ಆತನು ಕಳೆದದ್ದು ಹದಿನೆಂಟು ತಿಂಗಳು.

ಕಷ್ಟ ಅಲ್ಲಿಗೂ ತೀರಲಿಲ್ಲ. ಲಂಡನ್ನಿನ ಲೋಹಫಲಕ ಕೆತ್ತುವ ಕುಶಲಿಗಳು ಈ ಕೆಲಸವನ್ನು ಒಪ್ಪಿಕೊಳ್ಳಲಿಲ್ಲ. ಹಗಲೆಲ್ಲ ಹೊಟ್ಟೆಪಾಡಿಗಾಗಿ ಚಿತ್ರ ಬರೆಯುತ್ತ, ಮುಂಜಾನೆ ಮತ್ತು ರಾತ್ರಿಯ ಹೊತ್ತಿನಲ್ಲಿ ಫಲಕಗಳನ್ನು ತಾನೇ ಕೊರೆದು, 1766ರಲ್ಲಿ ‘ಕುದುರೆಯ ಶರೀರರಚನೆ’ ಎಂಬ ಗ್ರಂಥವನ್ನು ಹೊರತಂದನು.

ಆ ಶ್ರಮದ ಫಲವನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇಂದಿಗೂ ಕಾಣಬಹುದು. 1762ರ ಸುಮಾರಿನ ‘ವಿಸ್ಲ್‌ಜಾಕೆಟ್’ ಚಿತ್ರದಲ್ಲಿ ಸವಾರನಿಲ್ಲ, ಮರಗಿಡಗಳಿಲ್ಲ. ಬರಿಯ ಹಿನ್ನೆಲೆಯ ಮುಂದೆ ಹಿಂಗಾಲುಗಳ ಮೇಲೆ ಎದ್ದ ಆ ಒಂದೇ ಕುದುರೆ. ನಾಯಿಗಳನ್ನೂ ಆತನು ಇಷ್ಟೇ ಗೌರವದಿಂದ ಕಂಡನು. 1791ರಲ್ಲಿ ವೇಲ್ಸ್ ರಾಜಕುಮಾರನ ಫಿನೋ ಮತ್ತು ಟೈನಿ ಎಂಬ ನಾಯಿಗಳನ್ನು ಚಿತ್ರಿಸಿದನು. ಅವುಗಳ ರೋಮದ ಹೊಳಪಿನಡಿಯಲ್ಲಿ ಎಲುಬು, ಸ್ನಾಯುಗಳ ಇರವು ನಮಗೆ ತಿಳಿಯುತ್ತದೆ.

ಎಪ್ಪತ್ತು ದಾಟಿದ ಮೇಲೆ, 1795ರಲ್ಲಿ, ಮನುಷ್ಯ, ಹುಲಿ, ಕೋಳಿ ಇವುಗಳ ದೇಹರಚನೆಯನ್ನು ಹೋಲಿಸುವ ಹೊಸ ಗ್ರಂಥಕ್ಕೆ ಕೈಹಾಕಿದನು. 1806ರಲ್ಲಿ ತೀರಿಕೊಂಡಾಗ ಅದು ಇನ್ನೂ ಮುಗಿದಿರಲಿಲ್ಲ.

ನಮ್ಮ ಮನೆಗಳಲ್ಲಿ ಮಕ್ಕಳು ಬೆಕ್ಕಿನ ಚಿತ್ರ ಬರೆಯತೊಡಗಿ, ಕಣ್ಣು ಸರಿಬಂದು ಮೂತಿ ಕೆಟ್ಟಾಗ ಹಾಳೆಯನ್ನು ಹರಿಯುವುದುಂಟು. ಆ ಹಾಳೆಯನ್ನು ಎತ್ತಿಡಿ. ಮೂತಿಯ ಎಲುಬು ಹೇಗೆ ಬಾಗಿದೆಯೆಂದು ಬೆಕ್ಕನ್ನೇ ಇನ್ನೊಮ್ಮೆ ನೋಡಿ ಬರುವಂತೆ ಹೇಳಿ. ಸ್ಟಬ್ಸನು ಬಾಳಿನುದ್ದಕ್ಕೂ ಮಾಡಿದ್ದು ಅದನ್ನೇ.