ಗೋಧಿ ಒಗ್ಗದ ದೇಹ: ಸೀಲಿಯಾಕ್ ಕಾಯಿಲೆಯ ಇತಿಹಾಸ

ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿ ಉಂಡು ಬೆಳೆದ ನಮಗೆ ಗೋಧಿ ಒಂದು ಮಗುವಿನ ಪ್ರಾಣಕ್ಕೇ ಎರವಾಗಬಹುದು ಎಂದರೆ ನಂಬುವುದು ಕಷ್ಟ. ಹುಷಾರಿಲ್ಲದವರಿಗೆ ರವೆ ಗಂಜಿ ಕಾಯಿಸುವುದು, ಎಳೆಯ ಮಕ್ಕಳಿಗೆ ಹಾಲಿನಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುವುದು ನಮ್ಮ ಮನೆಗಳ ರೂಢಿ. ಆದರೆ ಸೀಲಿಯಾಕ್ ಎಂಬ ಕಾಯಿಲೆ ಇರುವವರಿಗೆ ಆ ಬಿಸ್ಕತ್ತೇ ವಿಷ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಸೇರಿದಾಗ ಅವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಹಾರದ ಸಾರವನ್ನು ಹೀರುವ, ಬೆರಳಿನಾಕಾರದ ಸೂಕ್ಷ್ಮ ಎಳೆಗಳು ಸವೆದು ಕರುಳಿನ ಒಳಗೋಡೆ ಚಪ್ಪಟೆಯಾಗುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ಬೆಳವಣಿಗೆ ಕುಂಠಿತವಾಗುವುದು, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಇಳಿಯದ ರಕ್ತಹೀನತೆ, ಮೂಳೆಗಳ ಸವೆತ ಇವೆಲ್ಲ ಅದರ ಫಲ. ಇದಕ್ಕೆ ಇಂದಿಗೂ ಚಿಕಿತ್ಸೆ ಒಂದೇ: ಜೀವನಪರ್ಯಂತ ಗ್ಲುಟೆನ್ ಇಲ್ಲದ ಆಹಾರ. ಹೇಳಲು ಒಂದು ಸಾಲಿನ ಈ ಉತ್ತರವನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ಬಹಳ ಕಾಲ ಬೇಕಾಯಿತು.

ಕಾಯಿಲೆಯ ಹೆಸರು ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇಂದಿನ ತುರ್ಕಿಯ ಭಾಗವಾಗಿರುವ ಕಪಡೋಸಿಯದ ಅರೆಟಿಯಸ್ ಎಂಬ ವೈದ್ಯ, ತಿಂದದ್ದು ಜೀರ್ಣವಾಗದೆ ಹೊರಹೋಗಿ ಸೊರಗುವ ರೋಗಿಗಳನ್ನು ಗ್ರೀಕ್ ಭಾಷೆಯಲ್ಲಿ ವರ್ಣಿಸಿದ. ಹೊಟ್ಟೆ ಎಂಬ ಅರ್ಥದ ಗ್ರೀಕ್ ಪದದಿಂದಲೇ ಸೀಲಿಯಾಕ್ ಎಂಬ ಹೆಸರು ಬಂದದ್ದು. ಆ ಬಳಿಕ ಈ ಕಾಯಿಲೆಯನ್ನು ಸ್ಪಷ್ಟವಾಗಿ ಗುರುತಿಸಿದವರು ಲಂಡನ್ನಿನ ಸ್ಯಾಮ್ಯುಯೆಲ್ ಗೀ. 1887ರಲ್ಲಿ ಅಲ್ಲಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಮಾಡಿದ ಉಪನ್ಯಾಸವನ್ನು ಅವರು ಮರುವರ್ಷ ಪ್ರಕಟಿಸಿದರು. ರೋಗಿ ಗುಣವಾಗುವುದಾದರೆ ಅದು ಆಹಾರದಿಂದಲೇ ಎಂದು ಆಗಲೇ ಬರೆದವರು ಗೀ. ದಾರಿ ಸರಿಯಾಗಿತ್ತು, ತಿರುವಿನಲ್ಲಿ ಎಡವಿದರು. ಪಿಷ್ಟವೇ ತೊಂದರೆ ಕೊಡುತ್ತದೆ ಎಂದು ಭಾವಿಸಿ ಅಕ್ಕಿ, ಸಾಬಕ್ಕಿಗಳನ್ನು ನಿಷೇಧಿಸಿದ ಅವರು, ತೆಳ್ಳಗೆ ಕತ್ತರಿಸಿ ಎರಡೂ ಬದಿ ಸುಟ್ಟ ಬ್ರೆಡ್ಡನ್ನು ಮಾತ್ರ ಕೊಡಬಹುದೆಂದರು! ಮಗುವನ್ನು ಕಾಪಾಡಬಲ್ಲ ಧಾನ್ಯಕ್ಕೆ ಬಾಗಿಲು ಮುಚ್ಚಿ, ಕೊಲ್ಲುವ ಧಾನ್ಯಕ್ಕೆ ಬಾಗಿಲು ತೆರೆದಂತಾಯಿತು.

ಗೀ ಅವರ ಬರಹದಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿಯಿದೆ. ಒಂದು ಮಗುವಿಗೆ ಹಾಲೆಂಡಿನ ಮರುವಾಯಿ ಚಿಪ್ಪುಗಳನ್ನು ದಿನವೂ ತಿನ್ನಿಸಿದಾಗ ಅದು ಚೆನ್ನಾಗಿ ಚೇತರಿಸಿಕೊಂಡಿತು. ಮರುವಾಯಿಯ ಕಾಲ ಮುಗಿದಾಗ ಮತ್ತೆ ಕಾಯಿಲೆ ಬಿತ್ತು. ಮರುವರ್ಷ ಮಗು ಅದನ್ನು ಬಾಯಿಗಿಡಲು ಒಪ್ಪಲಿಲ್ಲ. ಮಗು ಏನು ತಿಂದು ಚೇತರಿಸಿಕೊಂಡಿತು ಎಂದು ಎಲ್ಲರೂ ನೋಡಿದರು. ಅದನ್ನು ತಿನ್ನುವಾಗ ಏನನ್ನು ತಿನ್ನಲಿಲ್ಲ ಎಂದು ಯಾರೂ ಕೇಳಲಿಲ್ಲ.

ಇದೇ ಕಥೆ ಅಮೆರಿಕದಲ್ಲಿ ಬಾಳೆಹಣ್ಣಿನ ರೂಪದಲ್ಲಿ ಮರುಕಳಿಸಿತು. ನ್ಯೂಯಾರ್ಕಿನ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹತ್ತು ಮಕ್ಕಳ ವಿಷಯವಿತ್ತು. ಬಾಳೆಹಣ್ಣಿನ ಪಥ್ಯ ಮಾಡಿದ ಎಂಟು ಮಕ್ಕಳು ಬದುಕಿದರು, ಮಾಡದ ಇಬ್ಬರು ತೀರಿಕೊಂಡರು. ಆ ಪಥ್ಯದಲ್ಲಿ ಬ್ರೆಡ್, ಆಲೂಗಡ್ಡೆ, ಎಲ್ಲ ಧಾನ್ಯಗಳೂ ವರ್ಜ್ಯ. ಮಕ್ಕಳನ್ನು ಉಳಿಸಿದ್ದು ಗೋಧಿ ಬಿಟ್ಟದ್ದು. ಕೀರ್ತಿ ಸಂದದ್ದು ಬಾಳೆಹಣ್ಣಿಗೆ. ಹಾಸ್ ಅವರ ಪಥ್ಯದಿಂದ ಅದೆಷ್ಟೋ ಜೀವಗಳು ಉಳಿದವು ಎಂಬುದನ್ನು ಮರೆಯಬಾರದು. ಆದರೆ ಮಗು ಗುಣವಾಯಿತೆಂದು ತಿಳಿದು ಮತ್ತೆ ಬ್ರೆಡ್ ಕೊಡತೊಡಗಿದರೆ ಕರುಳಿನೊಳಗಿನ ಹಾನಿ ಸದ್ದಿಲ್ಲದೆ ಪುನಃ ಶುರುವಾಗುತ್ತಿತ್ತು.

ಒಗಟು ಬಿಡಿಸಿದವರು ಹಾಲೆಂಡಿನ ಮಕ್ಕಳ ತಜ್ಞ ವಿಲ್ಲೆಮ್ ಕಾರೆಲ್ ಡಿಕ್ಕೆ. 1905ರಲ್ಲಿ ಹುಟ್ಟಿದ ಇವರು 1936ರಲ್ಲಿ, ಇನ್ನೂ 31ರ ಹರೆಯದಲ್ಲಿ, ಹೇಗ್ ನಗರದ ಜುಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಇವರ ಬಗ್ಗೆ ಪ್ರಚಲಿತವಿರುವ ಕಥೆ ಹೀಗಿದೆ: ಎರಡನೇ ಮಹಾಯುದ್ಧದ ಕೊನೆಯಲ್ಲಿ ಹಾಲೆಂಡಿನಲ್ಲಿ ಕ್ಷಾಮ ಬಂದಿತು, ಬ್ರೆಡ್ ಸಿಗದಾಯಿತು, ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು, ಡಿಕ್ಕೆ ಅದನ್ನು ಗಮನಿಸಿದರು. ಕೇಳಲು ಸೊಗಸಾದ ಕಥೆ. ಆದರೆ ಇದು ಅರ್ಧ ಸತ್ಯ.

ಕ್ಷಾಮಕ್ಕೆ ಹಲವು ವರ್ಷ ಮೊದಲೇ, 1930ರ ದಶಕದಲ್ಲಿ, ಡಿಕ್ಕೆ ಈ ಜಾಡು ಹಿಡಿದಿದ್ದರು. ತನ್ನ ಮಗುವಿಗೆ ಬ್ರೆಡ್ ಕೊಡುವುದನ್ನು ನಿಲ್ಲಿಸಿದರೆ ಅದರ ಮೈಮೇಲಿನ ಗುಳ್ಳೆಗಳು ಬೇಗ ಕಡಿಮೆಯಾಗುತ್ತವೆ ಎಂದು ತಾಯಿಯೊಬ್ಬಳು ಹೇಳಿದ ಮಾತು ಅವರ ಕಿವಿಗೆ ಬಿದ್ದಿತ್ತು ಎಂದು ಅವರ ಕೆಲಸವನ್ನು ದಾಖಲಿಸಿದವರು ಬರೆದಿದ್ದಾರೆ. ಆ ಮಾತನ್ನು ಹಿಡಿದು ಅವರು ಗೋಧಿಯಿಲ್ಲದ ಪಥ್ಯವನ್ನು ಪ್ರಯೋಗಿಸತೊಡಗಿದರು. 1941ರಲ್ಲಿ, ಅಂದರೆ ಕ್ಷಾಮಕ್ಕೆ ಮೂರು ವರ್ಷ ಮುಂಚೆ, ಬ್ರೆಡ್ ಮತ್ತು ರಸ್ಕ್ ಇಲ್ಲದ ಸರಳ ಪಥ್ಯದ ಕುರಿತು ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹಾಲೆಂಡ್ ಆಗ ಜರ್ಮನ್ ಸೇನೆಯ ವಶದಲ್ಲಿತ್ತು, ಲೇಖನ ಡಚ್ ಭಾಷೆಯಲ್ಲಿತ್ತು. ಹೊರಗಿನವರ ಗಮನಕ್ಕೆ ಅದು ಬರಲಿಲ್ಲ.

ಕ್ಷಾಮ ಬಂದದ್ದು 1944ರ ಚಳಿಗಾಲದಲ್ಲಿ. ಜರ್ಮನ್ನರು ಪಶ್ಚಿಮ ಹಾಲೆಂಡಿಗೆ ಆಹಾರ ಸಾಗಣೆಯನ್ನು ತಡೆದರು; ದೊಡ್ಡವರ ದಿನದ ಪಡಿತರ ಸಾವಿರ ಕ್ಯಾಲೊರಿಗಿಂತ ಬಹಳ ಕೆಳಗಿಳಿಯಿತು. ಜನ ಟುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತರು. ಇಡೀ ನಾಡು ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಕೆಡುವ ಬದಲು ಸುಧಾರಿಸಿದರು. 1945ರಲ್ಲಿ ಪರಿಹಾರವಾಗಿ ಹೊರಗಿನಿಂದ ಹಿಟ್ಟು, ಬ್ರೆಡ್ ಬಂದು ನಾಡೆಲ್ಲ ಸಂಭ್ರಮಿಸಿದಾಗ ಆ ಮಕ್ಕಳು ಮತ್ತೆ ಹಾಸಿಗೆ ಹಿಡಿದರು. ಡಿಕ್ಕೆ ಅವರ ಅನುಮಾನಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಕ್ಷಾಮ ಕೊಟ್ಟದ್ದು ಪುರಾವೆಯನ್ನು. ಸುಳಿವು ಕೊಟ್ಟವಳು ಹೆಸರು ಗೊತ್ತಿಲ್ಲದ ಒಬ್ಬ ತಾಯಿ. ಇತಿಹಾಸದ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿ ನೆನಪಾಗುತ್ತದೆ. ಅದೇ ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿ ಅಕ್ಕಿಗೆ ಅಭಾವ ಬಂದು, ಎಂ.ಟಿ.ಆರ್. ಹೋಟೆಲಿನಲ್ಲಿ ಗೋಧಿ ರವೆಯ ಇಡ್ಲಿ ಮಾಡತೊಡಗಿದರೆಂದು ಆ ಹೋಟೆಲಿನವರು ಹೇಳುತ್ತಾರೆ. ಅಲ್ಲಿ ಗೋಧಿ ಮರೆಯಾಯಿತು, ಇಲ್ಲಿ ಇಡ್ಲಿಯೊಳಗೂ ಗೋಧಿ ಬಂತು.

ಯುದ್ಧದ ನಂತರ ಡಿಕ್ಕೆ ಸುಮ್ಮನಿರಲಿಲ್ಲ. ಮಲದಲ್ಲಿ ಹೊರಹೋಗುವ ಕೊಬ್ಬನ್ನು ನಿಖರವಾಗಿ ಅಳೆಯುವ ವಿಧಾನವನ್ನು ರೂಪಿಸಿದ್ದ ರಸಾಯನ ತಜ್ಞ ವಾನ್ ಡೆ ಕಾಮರ್ ಮತ್ತು ವೈದ್ಯ ವೇಯರ್ಸ್ ಅವರೊಂದಿಗೆ ಸೇರಿ, ಗೋಧಿ ಕೊಟ್ಟಾಗ ಎಷ್ಟು ಕೊಬ್ಬು ವ್ಯರ್ಥವಾಗುತ್ತದೆ, ನಿಲ್ಲಿಸಿದಾಗ ಎಷ್ಟು ಇಳಿಯುತ್ತದೆ ಎಂದು ಲೆಕ್ಕವಿಟ್ಟರು. ಮಕ್ಕಳ ತೂಕ, ಎತ್ತರಗಳ ದೀರ್ಘಕಾಲದ ದಾಖಲೆಗಳೊಂದಿಗೆ 1950ರಲ್ಲಿ ಉತ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರು ಅದನ್ನು ದೃಢಪಡಿಸಿದರು. ಪಿಷ್ಟ ನಿರಪರಾಧಿ, ಹಿಟ್ಟಿನ ಗ್ಲುಟೆನ್ ಭಾಗವೇ ಅಪರಾಧಿ ಎಂಬುದು ಈ ಎರಡೂ ಕಡೆಯ ಕೆಲಸದಿಂದ ಖಚಿತವಾಯಿತು.

ಈ ಗ್ಲುಟೆನ್ನನ್ನು ನೀವೇ ನೋಡಬಹುದು. ಒಂದು ಹಿಡಿ ಮೈದಾ ಹಿಟ್ಟನ್ನು ಕಲಸಿ ಉಂಡೆ ಮಾಡಿ, ನೀರಿನಲ್ಲಿ ಹಿಸುಕುತ್ತಾ ತೊಳೆಯಿರಿ. ಬಿಳಿ ಪಿಷ್ಟವೆಲ್ಲ ನೀರಿನೊಂದಿಗೆ ಹೋಗಿ ಕೈಯಲ್ಲಿ ರಬ್ಬರಿನಂಥ ಅಂಟು ಮುದ್ದೆ ಉಳಿಯುತ್ತದೆ. ಪರೋಟವನ್ನು ಎಳೆದೆಳೆದು ಬೀಸಲು ಸಾಧ್ಯವಾಗುವುದು ಇದರಿಂದಲೇ. ಜೋಳದ ಹಿಟ್ಟಿನಲ್ಲಿ ಇದಿಲ್ಲ. ಆದ್ದರಿಂದಲೇ ನಮ್ಮ ಉತ್ತರ ಕರ್ನಾಟಕದ ತಾಯಂದಿರು ಬಿಸಿನೀರು ಹಾಕಿ ನಾದಿ, ಕೈಯಿಂದ ಬಡಿದು ರೊಟ್ಟಿ ಮಾಡಬೇಕಾಗುತ್ತದೆ.

ಮುಂದಿನ ಹೆಜ್ಜೆಗಳು ಬೇಗ ಬೇಗನೆ ಬಂದವು. 1950ರ ದಶಕದ ಮಧ್ಯದಲ್ಲಿ ಲಂಡನ್ನಿನ ಮಾರ್ಗೊ ಶೈನರ್ ಮುಂತಾದವರು ಶಸ್ತ್ರಚಿಕಿತ್ಸೆಯಿಲ್ಲದೆ, ಬಾಯಿಯ ಮೂಲಕ ನಳಿಗೆ ಇಳಿಸಿ ಕರುಳಿನ ಚೂರು ತೆಗೆಯುವ ವಿಧಾನ ಕಂಡುಹಿಡಿದರು. ಡಿಕ್ಕೆ 1962ರಲ್ಲಿ ತೀರಿಕೊಂಡರು. 1997ರಲ್ಲಿ ಜರ್ಮನಿಯ ವಿಜ್ಞಾನಿಗಳು ಈ ಕಾಯಿಲೆಯಲ್ಲಿ ದೇಹವು ತನ್ನದೇ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವದ ವಿರುದ್ಧ ಹೋರಾಡುತ್ತದೆಂದು ತೋರಿಸಿದ ಮೇಲೆ, ಒಂದು ರಕ್ತಪರೀಕ್ಷೆಯಿಂದಲೇ ಶಂಕಿತರನ್ನು ಗುರುತಿಸುವುದು ಸಾಧ್ಯವಾಯಿತು.

ಇನ್ನು ಭಾರತದ ಮಾತು. ಇದು ಬಿಳಿಯರ ಕಾಯಿಲೆ ಎಂಬ ಭಾವನೆ ಬಹುಕಾಲ ಇತ್ತು. 1966ರಲ್ಲೇ ಉತ್ತರ ಭಾರತದ ಮಕ್ಕಳಲ್ಲಿ ಇದು ಇರುವುದನ್ನು ನಮ್ಮ ವೈದ್ಯರು ವರದಿ ಮಾಡಿದ್ದರು. 1973ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೈದ್ಯರು ಅಲ್ಲಿ ನೆಲೆಸಿದ ಏಷ್ಯಾ ಮೂಲದ ಕುಟುಂಬಗಳ ಮಕ್ಕಳಲ್ಲೂ ಕಂಡರು. ಆದರೂ ಸೊರಗಿದ ಮಗುವನ್ನು ಕಂಡರೆ ಬಡತನ, ಜಂತುಹುಳು, ಕ್ಷಯ ಎಂದು ಊಹಿಸುವುದೇ ನಮ್ಮಲ್ಲಿ ಸುಲಭವಾಗಿತ್ತು. 2016ರಲ್ಲಿ ಪ್ರಕಟವಾದ, 23,000ಕ್ಕೂ ಹೆಚ್ಚು ವಯಸ್ಕರ ಅಧ್ಯಯನವೊಂದು ಕಣ್ತೆರೆಸುವಂತಿದೆ. ಕಾಯಿಲೆ ಉತ್ತರದಲ್ಲಿ ಸಾವಿರಕ್ಕೆ 8.53, ದಕ್ಷಿಣದಲ್ಲಿ 0.11. ಕಾಯಿಲೆಗೆ ಎಡೆಗೊಡುವ ವಂಶವಾಹಿಗಳು ಮಾತ್ರ ಎಲ್ಲ ಕಡೆ ಸುಮಾರು ಮೂರನೇ ಒಂದು ಭಾಗದಷ್ಟು ಜನರಲ್ಲಿ ಇದ್ದವು. ಭಾರಿ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಂ. ಗೋಧಿ ತಿಂಡಿಗಳು ಹೆಚ್ಚುತ್ತಿರುವ ನಮ್ಮ ಊರುಗಳಲ್ಲಿ ಈ ಅಂಕಿ ಹೀಗೇ ಉಳಿಯುತ್ತದೆ ಎಂದು ನಾನು ಧೈರ್ಯವಾಗಿ ಹೇಳಲಾರೆ.

ಸಹಾರಾದ ಉದಾಹರಣೆ ಇನ್ನೂ ಕಠೋರ. ಅಲ್ಜೀರಿಯಾದ ಶಿಬಿರಗಳಲ್ಲಿರುವ ಸಹರಾವಿ ನಿರಾಶ್ರಿತರ ಮಕ್ಕಳಲ್ಲಿ ಶೇ. 5.6ರಷ್ಟು ಮಂದಿಗೆ ಈ ಕಾಯಿಲೆ ಇರುವುದು 1999ರಲ್ಲಿ ಪ್ರಕಟವಾಯಿತು. ಅವರ ಹೊಟ್ಟೆ ತುಂಬಿಸುತ್ತಿದ್ದುದು ಬಹುಮಟ್ಟಿಗೆ ನೆರವಾಗಿ ಬರುವ ಗೋಧಿ ಹಿಟ್ಟು.

ಆ ಶಿಬಿರದ ಮಗುವಿಗೆ ಹೋಲಿಸಿದರೆ ಕರ್ನಾಟಕದ ಸೀಲಿಯಾಕ್ ರೋಗಿ ಅದೃಷ್ಟವಂತ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ ಎಲ್ಲವೂ ಅವನಿಗೆ ಒಗ್ಗುತ್ತವೆ. ಅಕ್ಕಿ ರೊಟ್ಟಿ, ನೀರುದೋಸೆ, ಕರಾವಳಿಯ ಪತ್ತಿರ್, ಮಾಂಸ, ಮೀನು, ಬೇಳೆ, ಹಣ್ಣು ಯಾವುದಕ್ಕೂ ಅಡ್ಡಿಯಿಲ್ಲ. ದುಬಾರಿ ವಿದೇಶಿ ಬ್ರೆಡ್ಡಿಗೆ ಹಣ ಸುರಿಯಬೇಕಾಗಿಲ್ಲ. ಕಷ್ಟ ಎದುರಾಗುವುದು ಹಬ್ಬ, ಮದುವೆ, ಹಾಸ್ಟೆಲುಗಳಲ್ಲಿ. ಈದ್‌ನ ಶಾವಿಗೆ, ಇಫ್ತಾರಿನ ಸಮೋಸ, ಹಲೀಮ್ ಮೂರರಲ್ಲೂ ಗೋಧಿಯಿದೆ; ಅಕ್ಕಿ ಶಾವಿಗೆಯ ಒಂದು ಪಾತ್ರೆ ಬೇರೆ ಮಾಡಿದರೆ ಆ ಮಗುವೂ ಸಾಲಿನಲ್ಲಿ ಕೂತು ತಿನ್ನಬಹುದು.

ಆದರೆ ಸಂಶಯ ಬಂದೊಡನೆ ತಾವೇ ಗೋಧಿ ಬಿಡುವುದು ಸರಿಯಲ್ಲ. ಗೋಧಿ ಬಿಟ್ಟರೆ ರಕ್ತದಲ್ಲಿನ ಗುರುತುಗಳು ಕ್ರಮೇಣ ಮಾಯವಾಗಿ ಪರೀಕ್ಷೆ ಸುಳ್ಳು ಹೇಳಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಪಥ್ಯ ಶುರುವಾದ ಮೇಲೆ ಅಡುಗೆಮನೆಯಲ್ಲಿ ಎಚ್ಚರ ಬೇಕು: ಚಪಾತಿ ಸುಟ್ಟ ಕಾವಲಿಯಲ್ಲೇ ದೋಸೆ ಹುಯ್ಯುವಂತಿಲ್ಲ, ಗೋಧಿ ಬೀಸಿದ ಗಿರಣಿಯಲ್ಲಿ ಬೆನ್ನಿಗೇ ಜೋಳ ಬೀಸಿಸುವಂತಿಲ್ಲ. ಗ್ಲುಟೆನ್‌ರಹಿತ ಎಂದು ಬರೆದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂದು ನಮ್ಮ ಆಹಾರ ಕಾನೂನು ಹೇಳುತ್ತದೆ. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು. ಸಾರಿನ ಒಗ್ಗರಣೆಗೆ ಹಾಕುವ ಪುಡಿ ಇಂಗಿನ ಡಬ್ಬಿಯನ್ನೂ ಓದಿ ನೋಡಿ, ಬಹಳಷ್ಟು ಡಬ್ಬಿಗಳಲ್ಲಿ ಇಂಗಿನ ಜೊತೆ ಗೋಧಿ ಹಿಟ್ಟು ಬೆರೆತಿರುತ್ತದೆ.